ಮಾಜಾಳಿಯಿಂದ ಹಳಕಾರದವರೆಗೆ

ಮಗಳಿಗೆ ಪಿಯುಸಿಯಲ್ಲಿ ರಾಜ್ಯಶಾಸ್ತ್ರ. ಸರ್ಕಾರದ ಬಗೆಗಳನ್ನು ಹೋಲಿಸಿ ಬರೆಯಿರಿ ಅಂತ ರಜೆಗೆ ಕೆಲಸ ಕೊಟ್ಟಿದ್ದರು. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ರಾಜಪ್ರಭುತ್ವ, ಗಣರಾಜ್ಯ, ಸರ್ವಾಧಿಕಾರ ಅಂತ ಮೂರು ಕಾಲಂ ಮಾಡಿಕೊಂಡಿದ್ದಳು. ಶಿರಸಿಯ ಮನೆಯಲ್ಲಿ ಕೂತು ಬರೆಯೋದು ಬೇಡ, ಬಾ ಅಂತ ಕರಾವಳಿಗೆ ಕರಕೊಂಡು ಹೊರಟೆ.

ಮೊದಲು ಕಾರವಾರ ದಾಟಿ ಮಾಜಾಳಿ. ಅಲ್ಲಿಂದಾಚೆ ಗೋವಾ. ಎರಡೂ ಕಡೆ ಅದೇ ಕೊಂಕಣಿ, ಅದೇ ಮೀನು, ಅದೇ ತೆಂಗಿನ ಸಾಲು. ಆದರೆ 1961ರ ಡಿಸೆಂಬರ್ 19ರವರೆಗೆ ಆಚೆ ಕಡೆ ಪೋರ್ಚುಗೀಸರ ಆಳ್ವಿಕೆ. ಪೋರ್ಚುಗಲ್ 1910ರಲ್ಲೇ ರಾಜನನ್ನು ಇಳಿಸಿ ಗಣರಾಜ್ಯ ಆಗಿತ್ತು. ಅಧ್ಯಕ್ಷರಿದ್ದರು, ಸಂವಿಧಾನ ಇತ್ತು. ಆದರೂ 1932ರಿಂದ 1968ರವರೆಗೆ ನಡೆದದ್ದು ಪ್ರಧಾನಿ ಸಲಜಾರ್ ಒಬ್ಬರ ಮಾತು. ಪತ್ರಿಕೆಗೆ ಕತ್ತರಿ, ಬೆನ್ನಿಗೆ ಗುಪ್ತ ಪೊಲೀಸರು. 1946ರ ಜೂನ್ 18ರಂದು ಮಡಗಾಂವ್‌ನಲ್ಲಿ ಭಾಷಣಕ್ಕೆ ಬಂದ ರಾಮಮನೋಹರ ಲೋಹಿಯಾ ಅವರನ್ನು ಅಲ್ಲೇ ಹಿಡಿದರು.

"ಆಯಿ, ಹಂಗಾದ್ರೆ ಪೋರ್ಚುಗಲ್ ಯಾವ ಕಾಲಮ್ಮಿಗೆ ಬರೆಯವು?" ಅಂದಳು. ಈ ಪ್ರಶ್ನೆ ಬರಲಿ ಅಂತಲೇ ನಾನು ಕಾದಿದ್ದೆ.

ಅಂಕೋಲೆಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ರಸ್ತೆ ಬದಿಯಲ್ಲಿ ಹೆಂಗಸರು ಬುಟ್ಟಿ ತುಂಬಾ ಕರಿ ಇಶಾಡ ಮಾವು ಇಟ್ಟುಕೊಂಡು ಕೂತಿದ್ದರು. ಒಂದು ಡಜನ್ ತಗೊಂಡು ನೆರಳಲ್ಲಿ ಕೂತು ಎರಡು ಸುಲಿದು ತಿಂದೆವು. ರಸ ಮೊಣಕೈವರೆಗೆ ಇಳಿಯಿತು. ಕೈ ತೊಳೆದು ಮತ್ತೆ ನೋಟ್‌ಬುಕ್ ತೆಗೆದಳು.

ಈ ಊರಿನ ಕತೆ ಹೇಳುವಾಗ ನನಗೆ ಗಂಟಲು ತುಂಬಿ ಬರುತ್ತದೆ. 1930ರಲ್ಲಿ ಇಲ್ಲಿನ ಜನ ಕಾನೂನು ಮುರಿದು ಉಪ್ಪು ಮಾಡಿದರು. ಆಮೇಲೆ ಅಂಕೋಲಾ, ಸಿದ್ದಾಪುರದ ರೈತರು ಕಂದಾಯ ಕಟ್ಟಲ್ಲ ಅಂದರು. ಸರ್ಕಾರ ಜಮೀನು ಮುಟ್ಟುಗೋಲು ಹಾಕಿತು, ದನಕರು, ಪಾತ್ರೆಪಗಡೆ ಹರಾಜು ಹಾಕಿತು. ಬ್ರಿಟನ್ನಿನಲ್ಲಿ ರಾಜ ಇದ್ದರೂ ಅಲ್ಲಿನವರಿಗೆ ಓಟು ಇತ್ತು, ಸರ್ಕಾರ ಬದಲಿಸಬಹುದಿತ್ತು. ಅದೇ ರಾಜನ ಹೆಸರಲ್ಲಿ ಅಂಕೋಲೆಯವರ ಗದ್ದೆ ಹೋಯಿತು. ಕೇಳಲು ಇವರಿಗೆ ದಾರಿಯೇ ಇರಲಿಲ್ಲ. 1937ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಚುನಾವಣೆ ನಡೆಯಿತು. ನಮ್ಮ ಜಿಲ್ಲೆ ಆಗ ಅದರಲ್ಲೇ ಇತ್ತು. ಎಲ್ಲರಿಗೂ ಓಟಿರಲಿಲ್ಲ, ಆಸ್ತಿ ಇದ್ದವರು, ಕಂದಾಯ ಕಟ್ಟುವವರು, ಓದಿದವರು, ಅಷ್ಟೇ. ಆದರೂ ಆರಿಸಿ ಬಂದ ಮಂತ್ರಿಮಂಡಲ ಮರುವರ್ಷವೇ ಕಾನೂನು ಮಾಡಿ, ಕಳೆದುಹೋದ ಜಮೀನು ವಾಪಸ್ ಕೊಡಲು ಹೊರಟಿತು. ರಾಜಮನೆತನ ಅದೇ, ಕಲೆಕ್ಟರ ಕುರ್ಚಿಯೂ ಅದೇ. ಅಷ್ಟು ಸ್ವಲ್ಪ ಓಟಿಗೇ ಇಷ್ಟು ಬಲ ಇತ್ತು ಅಲ್ವಾ!

ಮಿರ್ಜಾನ ಕೋಟೆಯಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಕೆಂಪು ಚಿರೆಕಲ್ಲಿನ ಗೋಡೆ ಕಾದ ಹಂಚಿನಂತೆ ಸುಡುತ್ತಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದಳು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅನ್ನುತ್ತಿದ್ದರು. ನನಗೆ ಅವಳ ಮೇಲೆ ತುಂಬಾ ಅಭಿಮಾನ. ಆದರೆ ಅವಳ ಆಳ್ವಿಕೆ ಮುಗಿದದ್ದು ಕೆಳದಿಯವರ ಸೈನ್ಯದಿಂದ. ಜನರನ್ನು ಯಾರೂ ಕೇಳಲಿಲ್ಲ.

ಕೊನೆಗೆ ಕುಮಟಾ ಹತ್ತಿರದ ಹಳಕಾರ. ಇಲ್ಲಿ 1920ರ ದಶಕದಿಂದ ಊರಿನವರದೇ ಗ್ರಾಮ ಅರಣ್ಯ ಪಂಚಾಯತಿ ಇದೆ. ಕಾಡು ಕಾಯಲು ಊರೇ ಕಾವಲುಗಾರನನ್ನು ಇಟ್ಟುಕೊಂಡಿತ್ತು. ಮುಂದೆ ಸರ್ಕಾರ ಇಂಥ ಪಂಚಾಯತಿಗಳನ್ನು ರದ್ದು ಮಾಡಲು ಹೊರಟಾಗ ಊರಿನವರು ಕೋರ್ಟಿಗೆ ಹೋಗಿ ಉಳಿಸಿಕೊಂಡರು. ಪೇಟೆಯ ಇಷ್ಟು ಹತ್ತಿರ ಇಂಥ ದಟ್ಟ ಹಸಿರು ನೋಡಿದರೆ ಖುಷಿಯಾಗುತ್ತದೆ.

ಕಾಡಂಚಿನಲ್ಲಿ ತರಗೆಲೆ ಗುಡಿಸುತ್ತಿದ್ದ ಅಜ್ಜ ಒಬ್ಬರು ಸಿಕ್ಕರು. ಮಗಳು ಕೇಳಿದಳು, "ಅಜ್ಜಾ, ಕಮಿಟಿಯವರು ತಪ್ಪು ಮಾಡಿದ್ರೆ?"

"ಸಭೆಲಿ ಕೇಳ್ತ್ರು. ಕೇಳದೆ ಬಿಡ್ತ್ರಾ?" ಅಂದರು ಅಜ್ಜ, ಗುಡಿಸುವುದನ್ನು ನಿಲ್ಲಿಸದೆ.

ಅವಳು ಅಲ್ಲೇ ಒಂದು ಕಲ್ಲಿನ ಮೇಲೆ ಕೂತಳು. ಮೂರು ಕಾಲಮ್ಮಿನ ಹಾಳೆ ತಿರುವಿ ಹೊಸ ಹಾಳೆಯಲ್ಲಿ ಅಜ್ಜನ ಮಾತನ್ನು ಇದ್ದ ಹಾಗೇ ಬರೆದುಕೊಂಡಳು. ನಾನು ಅವರಿಗೆ ಉಳಿದ ಮಾವಿನಲ್ಲಿ ನಾಲ್ಕು ಕೊಟ್ಟೆ.