ಹ್ಯಾಲೊವೀನ್‌ಗೆ ಏಳು ರಾತ್ರಿ, ಏಳು ಸಿನಿಮಾ: ಆದರೆ ಮೊದಲು ಟಿವಿ ಸರಿಮಾಡಿ

"ಅಷ್ಟೇನೂ ಭಯ ಆಗಲಿಲ್ಲಪ್ಪ" ಅನ್ನುವವರ ಮನೆಗೆ ಹೋಗಿ ನೋಡಿ. ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ. ಟಿವಿ 'ವಿವಿಡ್' ಮೋಡಿನಲ್ಲಿರುತ್ತದೆ. ಬಾಗಿಲು ಕಿರುಗುಟ್ಟುವ ಮೊದಲೇ 'ಬಾಗಿಲು ಕಿರುಗುಟ್ಟುತ್ತದೆ' ಅಂತ ಸಬ್‌ಟೈಟಲ್ಲು ಡಂಗುರ ಸಾರಿರುತ್ತದೆ. ಹಾರರ್ ಸಿನಿಮಾದ ಬಂಡವಾಳವೇ ಮೂಲೆಯ ಕತ್ತಲು ಮತ್ತು ಎರಡು ಸದ್ದುಗಳ ನಡುವಿನ ಮೌನ. ಟಿವಿ ಕಂಪನಿಯವರು ಕಳಿಸಿಕೊಡುವ ಸೆಟ್ಟಿಂಗು ಈ ಎರಡನ್ನೂ ಕೊಲ್ಲುತ್ತದೆ. ಹಾಗಾಗಿ ಪಟ್ಟಿಗಿಂತ ಮೊದಲು ರಿಮೋಟು.

ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮು. ಟಿವಿ ಪರದೆ 60 ಅಥವಾ 120 ಸಲ ಬದಲಾಗುತ್ತದೆ. ನಡುವೆ ಟಿವಿ ತನ್ನದೇ ಫ್ರೇಮು ಹುಟ್ಟಿಸಿ ತುರುಕುವುದರಿಂದ ಎಂಥ ಸಿನಿಮಾವೂ ಸಂಜೆಯ ಧಾರಾವಾಹಿಯ ಹಾಗೆ ಕಾಣುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಇದನ್ನು 'ಪಿಕ್ಚರ್ ಕ್ಲಾರಿಟಿ' ಅಥವಾ 'ಆಟೋ ಮೋಷನ್ ಪ್ಲಸ್' ಅನ್ನುತ್ತಾರೆ, ಎಲ್‌ಜಿಯಲ್ಲಿ 'ಟ್ರೂಮೋಷನ್', ಸೋನಿಯಲ್ಲಿ 'ಮೋಷನ್‌ಫ್ಲೋ'. 'ಫಿಲ್ಮ್‌ಮೇಕರ್ ಮೋಡ್' ಇದ್ದರೆ ಅದೊಂದು ಸಾಕು. ಇಲ್ಲವಾದರೆ 'ಸಿನಿಮಾ' ಅಥವಾ 'ಮೂವಿ' ಮೋಡ್ ಹಾಕಿ ಡೈನಮಿಕ್ ಕಾಂಟ್ರಾಸ್ಟ್ ತೆಗೆಯಿರಿ. ಪವರ್ ಸೇವಿಂಗ್ ಕೂಡ ಆಫ್ ಇರಲಿ. ಅದರ ಸೆನ್ಸರ್ ಕೋಣೆ ಕತ್ತಲಾದ ಕೂಡಲೇ ಪರದೆಯನ್ನು ಮಂಕು ಮಾಡುತ್ತದೆ. ಗೋಡೆಗೆ ಒರಗಿ ನಿಂತವನು ಗೋಡೆಯಲ್ಲೇ ಕರಗಿಹೋಗುತ್ತಾನೆ.

ಸದ್ದಿನ ವಿಷಯಕ್ಕೆ ಬಂದರೆ, ಮೆಲ್ಲಗೆ ಮಾತಾಡುವ ಒಂದು ದೃಶ್ಯ ಹಾಕಿ, ಮಾತು ಸ್ಪಷ್ಟವಾಗಿ ಕೇಳುವಷ್ಟು ವಾಲ್ಯೂಮ್ ಇಟ್ಟು, ರಿಮೋಟನ್ನು ಕೈಗೆ ಸಿಗದ ಕಡೆ ಇಡಿ. ಪಿಸುಮಾತಿಗೆ ಏರಿಸಿ ಕಿರುಚಾಟಕ್ಕೆ ಇಳಿಸುತ್ತ ಕೂತರೆ ನೀವು ಸಿನಿಮಾ ನೋಡುತ್ತಿಲ್ಲ, ಅದರ ಜೊತೆ ಜಗಳ ಆಡುತ್ತಿದ್ದೀರಿ. ಸೌಂಡ್‌ಬಾರಿನ 'ನೈಟ್ ಮೋಡ್' ಪಿಸುಮಾತನ್ನೂ ಕಿರುಚನ್ನೂ ಹತ್ತಿರ ತಂದು ಎಲ್ಲವನ್ನೂ ಒಂದೇ ಸಮ ಮಾಡುತ್ತದೆ. ಪಕ್ಕದ ಮನೆಯವರ ಚಿಂತೆಯಿದ್ದರೆ ಅದಕ್ಕಿಂತ ವೈರ್ ಇರುವ ಹೆಡ್‌ಫೋನ್ ವಾಸಿ. ಸಬ್‌ಟೈಟಲ್ ಆರಿಸುವಾಗ ಸದ್ದುಗಳನ್ನೂ ಬರೆದು ತೋರಿಸುವ 'ಸಿಸಿ' ಅಥವಾ 'ಎಸ್‌ಡಿಎಚ್' ಅಂತ ಇದ್ದದ್ದನ್ನು ಬಿಟ್ಟು ಬರೀ ಮಾತು ಇರುವುದನ್ನು ಹಾಕಿ, ಅಕ್ಷರದ ಬಣ್ಣವನ್ನು ಬೂದಿಗೆ ಇಳಿಸಿ. ಅಚ್ಚ ಬಿಳಿ ಅಕ್ಷರ ಪದೇಪದೇ ಹೊಳೆದರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವುದೇ ಇಲ್ಲ.

ಇನ್ನು ಸಿನಿಮಾಗಳು. ಮರುದಿನ ಆಫೀಸು ಇರುವವರನ್ನು ನೆನೆದು 100 ನಿಮಿಷ ಮೀರದವನ್ನೇ ಆರಿಸಿದ್ದು. 122 ನಿಮಿಷದ 'ದಿ ಎಕ್ಸಾರ್ಸಿಸ್ಟ್' (1973) ಈ ಕಾರಣಕ್ಕೇ ಹೊರಗುಳಿಯಿತು. ಭಾನುವಾರ ನೋಡುವುದಾದರೆ ಆ 122 ನಿಮಿಷದ್ದನ್ನೇ ನೋಡಿ. 2000ದಲ್ಲಿ ಬಂದ 132 ನಿಮಿಷದ ಆವೃತ್ತಿ ಎರಡನೇ ಸಲಕ್ಕಿರಲಿ.

ಅಕ್ಟೋಬರ್ 25ರಂದು 'ನೊಸ್ಫೆರಾಟು', 1922ರ ಮುರ್ನೌ ಅವರ ಮೂಕಿ ಚಿತ್ರ. ಹಕ್ಕು ಕೊಳ್ಳದೆ 'ಡ್ರಾಕುಲಾ' ಕಾದಂಬರಿಯನ್ನು ಎತ್ತಿಕೊಂಡಿದ್ದಕ್ಕೆ ಬ್ರಾಮ್ ಸ್ಟೋಕರ್ ಅವರ ಹೆಂಡತಿ ಕೇಸು ಹಾಕಿದರು, ಪ್ರತಿಗಳನ್ನೆಲ್ಲ ನಾಶಮಾಡಬೇಕೆಂದು ಜರ್ಮನಿಯ ಕೋರ್ಟು ಹೇಳಿತು. ತಪ್ಪಿಸಿಕೊಂಡ ಪ್ರತಿಗಳಿಂದ ಉಳಿದುಬಂದ ಚಿತ್ರವಿದು. ಪುಕ್ಕಟೆ ಸಿಗುವ ಪ್ರತಿಗಳು ಬೇಕಾದಷ್ಟಿವೆ, ಎಡವಟ್ಟಾಗುವುದೂ ಅಲ್ಲೇ. ಆಗಿನ ಫಿಲ್ಮಿಗೆ ರಾತ್ರಿಯನ್ನು ಹಿಡಿಯುವ ಶಕ್ತಿ ಇರಲಿಲ್ಲ. ರಾತ್ರಿಯ ದೃಶ್ಯಗಳನ್ನು ಹಗಲಲ್ಲೇ ತೆಗೆದು ಆಮೇಲೆ ಫಿಲ್ಮಿಗೆ ನೀಲಿ ಬಣ್ಣ ಹಾಕುತ್ತಿದ್ದರು. ಬಣ್ಣ ಕಳೆದುಕೊಂಡ ಕಪ್ಪುಬಿಳುಪು ಪ್ರತಿಯಲ್ಲಿ ರಕ್ತಪಿಶಾಚಿ ಕೌಂಟ್ ಓರ್ಲಾಕ್ ಶವಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಮಟಮಟ ಮಧ್ಯಾಹ್ನ ಊರೊಳಗೆ ನಡೆಯುತ್ತಾನೆ. ಬಿಸಿಲು ತಾಗಿದರೆ ರಕ್ತಪಿಶಾಚಿ ಸಾಯುತ್ತದೆ ಎಂಬ ನಿಯಮ ತಂದಿದ್ದೇ ಈ ಸಿನಿಮಾ, ಸ್ಟೋಕರ್ ಕಾದಂಬರಿಯಲ್ಲಿ ಅದಿಲ್ಲ. ಅಂದಮೇಲೆ ನೀಲಿ ಇಲ್ಲದ ಪ್ರತಿ ನೋಡಿದವರಿಗೆ ಕೊನೆಯ ದೃಶ್ಯವೇ ಅರ್ಥವಾಗುವುದಿಲ್ಲ. ನೀಲಿ, ಹಳದಿ ಬಣ್ಣಗಳಿರುವ, ಸುಮಾರು 94 ನಿಮಿಷದ ಪುನರುಜ್ಜೀವಿತ ಪ್ರತಿಯನ್ನೇ ಹುಡುಕಿ.

26ಕ್ಕೆ 'ದಿ ಇನೊಸೆಂಟ್ಸ್' (1961). ಶುರುವಿನಲ್ಲಿ ಪರದೆ ಪೂರ್ತಿ ಕಪ್ಪು, ಒಂದು ಮಗುವಿನ ಹಾಡು ಮಾತ್ರ ಕೇಳುತ್ತದೆ. ಟಿವಿ ಕೆಟ್ಟಿಲ್ಲ, ಕೇಬಲ್ ಅಲ್ಲಾಡಿಸಬೇಡಿ. ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಅಗಲವಾದ ಫ್ರೇಮಿನ ಎರಡೂ ಅಂಚುಗಳನ್ನು ಕಪ್ಪಾಗಿಸುವ ಫಿಲ್ಟರ್ ಮಾಡಿಸಿಕೊಂಡಿದ್ದರು, ಹಾಗಾಗಿ ಕಣ್ಣು ಸದಾ ಅಂಚಿನಲ್ಲಿ ಏನಿದೆಯೋ ಅಂತ ತಡಕಾಡುತ್ತದೆ. ಇಷ್ಟಾಗಿ ಇದರ ಅತಿ ಭಯದ ದೃಶ್ಯ ಹಗಲಿನದು. ಕೆರೆಯಾಚೆ ಜೊಂಡಿನ ನಡುವೆ ಕಪ್ಪುಡುಗೆಯ ಹೆಂಗಸೊಬ್ಬಳು ಸುಮ್ಮನೆ ನಿಂತಿರುತ್ತಾಳೆ, ಅಷ್ಟೇ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂತೆಂದು 'ಜೂಮ್' ಒತ್ತಿದರೆ ಎರಡೂ ಬದಿ ಕತ್ತರಿಸಿಹೋಗುತ್ತದೆ.

27ಕ್ಕೆ ಜಾರ್ಜ್ ರೊಮೆರೊ ಅವರ 'ನೈಟ್ ಆಫ್ ದಿ ಲಿವಿಂಗ್ ಡೆಡ್' (1968). ಜಾಂಬಿ ಚಿತ್ರಗಳ ಅಜ್ಜ, ಆದರೆ ಇಡೀ ಚಿತ್ರದಲ್ಲಿ 'ಜಾಂಬಿ' ಎಂಬ ಪದ ಒಂದು ಸಲವೂ ಬರುವುದಿಲ್ಲ. ಕೊನೆ ಗಳಿಗೆಯಲ್ಲಿ ಹೆಸರು ಬದಲಿಸುವಾಗ ಹಳೆಯ ಶೀರ್ಷಿಕೆಯ ಜೊತೆಗಿದ್ದ ಕಾಪಿರೈಟ್ ಸೂಚನೆಯೂ ಹಾರಿಹೋಯಿತು, ಸಿನಿಮಾ ಊರ ಸ್ವತ್ತಾಯಿತು. ಯೂಟ್ಯೂಬಿನಲ್ಲಿ ಮಸುಕು ಪ್ರತಿಗಳ ರಾಶಿಯೇ ಇದೆ. ಬಣ್ಣ ಹಚ್ಚಿದ್ದು ಬೇಡ. ಹೊಸ ದೃಶ್ಯ, ಹೊಸ ಸಂಗೀತ ಸೇರಿಸಿದ 30ನೇ ವರ್ಷದ ಆವೃತ್ತಿಯಂತೂ ಬೇಡವೇ ಬೇಡ. 96 ನಿಮಿಷದ ಕಪ್ಪುಬಿಳುಪು ನೋಡಿ.

28ಕ್ಕೆ ಜಪಾನಿನ 'ರಿಂಗು' (1998). ಇಂಗ್ಲಿಷ್ ರೀಮೇಕ್ ಕೆಟ್ಟದ್ದೇನಲ್ಲ, ಆದರೆ ಅದರ ದೆವ್ವ ಸಡಾಕೊಳ ನಡಿಗೆಗಾಗಿ ಮೂಲವನ್ನೇ ನೋಡಬೇಕು. ನಟಿಯನ್ನು ಹಿಮ್ಮುಖವಾಗಿ ನಡೆಸಿ ಚಿತ್ರಿಸಿ, ಅದನ್ನು ತಿರುಗಿಸಿ ಓಡಿಸಿದ್ದಾರೆ. ಹೆಜ್ಜೆ ಮುಂದೆ ಬರುತ್ತದೆ, ಮೈಯ ಭಾರ ಮಾತ್ರ ತಪ್ಪು ಕಾಲಿನ ಮೇಲಿರುತ್ತದೆ. ಮೋಷನ್ ಸ್ಮೂದಿಂಗ್ ಆಫ್ ಮಾಡದೇ ಇದ್ದವರಿಗೆ ಇಲ್ಲಿ ಕೊನೆಯ ಎಚ್ಚರಿಕೆ: ಆ ಕುಲುಕನ್ನು ಟಿವಿ ನುಣ್ಣಗೆ ಮಾಡಿಬಿಟ್ಟರೆ ಉಳಿಯುವುದು ತಲೆಗೂದಲು ಮಾತ್ರ.

29ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' (1999) 81 ನಿಮಿಷ. ಕ್ಯಾಮೆರಾ ನಟರ ಕೈಯಲ್ಲೇ ಇದ್ದದ್ದರಿಂದ ಚಿತ್ರ ಒಂದೇ ಸಮ ಅಲ್ಲಾಡುತ್ತದೆ. ಬಸ್ಸಿನಲ್ಲಿ ವಾಂತಿ ಬರುವವರು ದೂರ ಕೂತು, ಹಿಂದೆ ಸಣ್ಣ ದೀಪ ಹಚ್ಚಿಕೊಳ್ಳಿ. ಆರಂಭದಲ್ಲಿ ಊರಿನವರನ್ನು ಮಾತಾಡಿಸುವಾಗ ಫೋನ್ ನೋಡಬೇಡಿ. ಮಕ್ಕಳು ಮತ್ತು ಮೂಲೆಯ ಬಗ್ಗೆ ಒಬ್ಬರು ಹೇಳುವ ಒಂದೇ ಒಂದು ಮಾತು ತಪ್ಪಿದರೆ ಕೊನೆಯ ಶಾಟ್ "ಇಷ್ಟೇನಾ?" ಅನ್ನಿಸುತ್ತದೆ.

30ಕ್ಕೆ ಜಾನ್ ಕಾರ್ಪೆಂಟರ್ ಅವರ 'ಹ್ಯಾಲೊವೀನ್' (1978). ಹ್ಯಾಲೊವೀನ್ ದಿನವಾದ 31ಕ್ಕೆ ಯಾಕಲ್ಲ? ಕಥೆಯಲ್ಲಿ ಕೊಲೆಗಾರ ಮೈಕಲ್ ಮೈಯರ್ಸ್ ಮಾನಸಿಕ ಆಸ್ಪತ್ರೆಯಿಂದ ತಪ್ಪಿಸಿಕೊಳ್ಳುವುದೇ 30ರ ರಾತ್ರಿ. ಇಲಿನಾಯ್‌ನ ಶರತ್ಕಾಲ ಎಂದು ತೋರಿಸುವುದೆಲ್ಲ ಕ್ಯಾಲಿಫೋರ್ನಿಯಾದ ವಸಂತ. ತರಗೆಲೆಗಳು ಬಣ್ಣ ಬಳಿದವು. ಸುರಿದು, ಶಾಟ್ ತೆಗೆದು, ಮತ್ತೆ ಗುಡಿಸಿ ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು. ಮರಗಳು ಮಾತ್ರ ಹಸಿರಾಗೇ ಇವೆ. ಮೈಕಲ್‌ನ ಮುಖವಾಡ 'ಸ್ಟಾರ್ ಟ್ರೆಕ್'ನ ಕ್ಯಾಪ್ಟನ್ ಕರ್ಕ್‌ದು, ಬಿಳಿ ಬಳಿದು ಕಣ್ಣಿನ ತೂತು ದೊಡ್ಡದು ಮಾಡಿದ್ದು. ಪಿಯಾನೊ ಐದರ ಎಣಿಕೆಯಲ್ಲಿದೆ. ಖಂಡ ಛಾಪು ಗೊತ್ತಿದ್ದವರ ಕೈ ತೊಡೆಯ ಮೇಲೆ ತಾನೇ ಆಡುತ್ತದೆ, ಉಳಿದವರಿಗೆ ಯಾರೋ ಹೆಜ್ಜೆ ತಪ್ಪಿ ಬೆನ್ನಟ್ಟಿದ ಹಾಗಾಗುತ್ತದೆ.

ನೀವು ಮಾಡಿಕೊಂಡ ಟಿವಿ ಸೆಟ್ಟಿಂಗಿನ ಪರೀಕ್ಷೆಯೂ ಈ ಸಿನಿಮಾದಲ್ಲೇ ಇದೆ. ಕೊನೆಯ ಭಾಗದಲ್ಲಿ ನಾಯಕಿ ಲೋರಿ ಅಳುತ್ತ ಬಾಗಿಲ ಪಕ್ಕ ನಿಲ್ಲುತ್ತಾಳೆ. ಅವಳ ಹಿಂದಿನ ಕೋಣೆ ಕಗ್ಗತ್ತಲು. ಆ ಕಪ್ಪಿನೊಳಗಿಂದ ಬಿಳಿ ಮುಖ ಮೆಲ್ಲಗೆ ಮೂಡುತ್ತದೆ. ಅವನು ನಡೆದು ಬಂದಿದ್ದಲ್ಲ, ಮೊದಲಿಂದಲೂ ಅಲ್ಲೇ ನಿಂತಿದ್ದ. ಛಾಯಾಗ್ರಾಹಕ ಡೀನ್ ಕಂಡಿ ಮುಖವಾಡದ ಮೇಲಿನ ಸಣ್ಣ ಬೆಳಕನ್ನು ಡಿಮ್ಮರ್‌ನಿಂದ ನಿಧಾನಕ್ಕೆ ಏರಿಸಿದ್ದಾರೆ. ಲೋರಿ ಬಂದು ನಿಂತ ತಕ್ಷಣವೇ ಅವನು ಕಂಡರೆ ನಿಮ್ಮ ಬ್ರೈಟ್‌ನೆಸ್ ಜಾಸ್ತಿಯಾಗಿದೆ. ಮುಖ ಇದ್ದಕ್ಕಿದ್ದಂತೆ ಠಣ್ಣನೆ ಬಂದರೆ ಕಪ್ಪು ಅತಿಯಾಗಿದೆ, ಒಂದೊಂದೇ ಅಂಕಿ ಏರಿಸಿ. 91 ನಿಮಿಷದ್ದೇ ನೋಡಿ. ಅದಕ್ಕಿಂತ ಉದ್ದದ್ದು ಟಿವಿ ಪ್ರಸಾರಕ್ಕಾಗಿ 1981ರಲ್ಲಿ ಚಿತ್ರಿಸಿ ಸೇರಿಸಿದ ದೃಶ್ಯಗಳದ್ದು, ಓಟವನ್ನು ಕುಂಟಿಸುತ್ತದೆ.

31ಕ್ಕೆ 'ಘೋಸ್ಟ್‌ವಾಚ್'. ಇದು ಸಿನಿಮಾ ಹಾಲಿಗೆ ಬಂದದ್ದಲ್ಲ, 1992ರ ಅಕ್ಟೋಬರ್ 31ರ ರಾತ್ರಿ ಬಿಬಿಸಿ ಪ್ರಸಾರ ಮಾಡಿದ್ದು. ಒಂದು ಮನೆಯಲ್ಲಿ ದೆವ್ವದ ಕಾಟ, ಅದರ ನೇರಪ್ರಸಾರ ಎಂಬ ನಟನೆ. ಮೊದಲೇ ಚಿತ್ರಿಸಿಟ್ಟಿದ್ದರೂ ನಿರೂಪಕರು ಮೈಕಲ್ ಪಾರ್ಕಿನ್‌ಸನ್ ತರಹದ, ಜನ ದಿನವೂ ನಂಬಿ ನೋಡುತ್ತಿದ್ದ ನಿಜವಾದ ಮುಖಗಳು. ಪರದೆಯ ಮೇಲಿನ ಫೋನ್ ನಂಬರೂ ನಿಜವಾದದ್ದೇ. ಇದು ಕಾಲ್ಪನಿಕ ಎಂದು ಕರೆ ಮಾಡಿದವರಿಗೆ ಅಲ್ಲಿ ಹೇಳುತ್ತಿದ್ದರು, ಆದರೆ ಲೈನ್ ಸಿಗದೇ ಇದ್ದವರು ಇನ್ನಷ್ಟು ಗಾಬರಿಯಾದರು. ಬಿಬಿಸಿ ಮತ್ತೆಂದೂ ಅದನ್ನು ಪ್ರಸಾರ ಮಾಡಲಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಬೆಂಗಳೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಬರೆಸಿದ್ದು ಯಾವ ಭಯವೋ, ಇಲ್ಲಿಯದೂ ಅದೇ ಜಾತಿ: ದೆವ್ವಕ್ಕಿಂತ ಹೆಚ್ಚಾಗಿ ಸುದ್ದಿ ತಂದವರನ್ನು ನಂಬಿದ ಭಯ.

ಹಳೆಯ ಟಿವಿಯ 4:3 ಅಳತೆಯದು, ಹಿಗ್ಗಿಸಬೇಡಿ. ಅಮೆರಿಕದಲ್ಲಿರುವವರು ಕ್ಯಾಂಡಿ ಕೇಳುವ ಮಕ್ಕಳು ಬಂದುಹೋದ ಮೇಲೆ ಹೊರಗಿನ ದೀಪ ಆರಿಸಿ ಶುರುಮಾಡಿ, ಆಮೇಲೆ ಬೆಲ್ಲು ಬಾರಿಸುವುದಿಲ್ಲ. ಇಲ್ಲಿ ನಮಗೆ ತೊಂದರೆ ಬೇರೆ: 2024ರಲ್ಲಿ ನರಕ ಚತುರ್ದಶಿಯೂ 31ಕ್ಕೇ ಬಿದ್ದಿತ್ತು. ಅಂಥ ವರ್ಷ ಪಟಾಕಿ ಸದ್ದು ಅಡಗುವ ತನಕ ಕಾಯುವುದೊಂದೇ ದಾರಿ. ಉಳಿದ ವರ್ಷಗಳಲ್ಲಿ 9:25ಕ್ಕೆ, ಅಂದಿನ ಪ್ರಸಾರದ ಹೊತ್ತಿಗೇ ಹಾಕಿ. ಮಕ್ಕಳ ಕೋಣೆಯ ಕರ್ಟನ್ ಪಕ್ಕ ಯಾರೋ ನಿಂತಿದ್ದರು ಎಂದು ಜನ ಸ್ಟುಡಿಯೋಗೆ ಫೋನ್ ಮಾಡುತ್ತಾರೆ, ನಿರೂಪಕರು ಅದೇ ತುಣುಕನ್ನು ಮತ್ತೆ ಹಾಕಿ ತೋರಿಸುತ್ತಾರೆ. ಅಲ್ಲಿ ರಿಮೋಟ್ ಮುಟ್ಟದೆ ಪೂರ್ತಿ ನೋಡಿ. 11ಕ್ಕೆ ಮುಗಿಯುತ್ತದೆ, ಮರುದಿನ ರಾಜ್ಯೋತ್ಸವದ ರಜೆ. ಆ ಕರ್ಟನ್ನನ್ನು ಆಮೇಲೆ ಎಷ್ಟು ಸಲ ಬೇಕಾದರೂ ಹಿಂದಕ್ಕೆ ಓಡಿಸಿ ಹೋಲಿಸಬಹುದು.