ಪೈಲಟ್ ಆರುತ್ತಿತ್ತು, ನಾನು ಥರ್ಮೋಕಪಲ್ ಬದಲಿಸಿದೆ

ಬೇಕರಿ, ಹೋಟೆಲ್‌ಗಳ ಗ್ಯಾಸ್ ಓವನ್ ರಿಪೇರಿ ನನ್ನ ಕೆಲಸ. ಕಳೆದ ಮಳೆಗಾಲದಲ್ಲಿ ಒಂದು ದಿನ ಬೆಳಗಿನ ಜಾವ ನಾಲ್ಕಕ್ಕೇ ಮಲ್ಪೆಯ ಒಂದು ಬೇಕರಿಯಿಂದ ಫೋನ್. "ಪೈಲಟ್ ನಿಲ್ಲುವುದೇ ಇಲ್ಲ ಮಾರಾಯ್ರೇ, ಪಾವಿನ ಹಿಟ್ಟು ಉಬ್ಬಿ ಕೂತಿದೆ."

ಪೈಲಟ್ ಅಂದರೆ ಓವನ್ನಿನ ದೊಡ್ಡ ಬರ್ನರ್ ಹಚ್ಚಲು ಉರಿಯುತ್ತಲೇ ಇರುವ ಸಣ್ಣ ಉರಿ. ಹೋಗಿ ನೋಡಿದೆ. ನಾಬ್ ಒತ್ತಿ ಹಿಡಿದರೆ ಪೈಲಟ್ ಹತ್ತುತ್ತದೆ. ಅರ್ಧ ನಿಮಿಷ ಕಾದು ಕೈ ಬಿಟ್ಟರೆ ಟಕ್ ಅಂತ ಆರುತ್ತದೆ. ಥರ್ಮೋಕಪಲ್ ಹೋಗಿದೆ ಅಂದೆ. ಬ್ಯಾಗಿನಲ್ಲಿದ್ದ ಹೊಸತನ್ನು ಹಾಕಿದೆ, ಉರಿ ನಿಂತಿತು. 600 ರೂಪಾಯಿ ತಗೊಂಡು ಬಂದೆ. ಮೂರನೇ ದಿನ ಮತ್ತೆ ಅದೇ ಫೋನ್.

ಥರ್ಮೋಕಪಲ್ ಅಂದರೆ ಪೈಲಟ್ ಉರಿಗೆ ತಾಗಿಕೊಂಡಿರುವ ಸಣ್ಣ ಕಡ್ಡಿ. ಕಾದಾಗ ಅದರಲ್ಲಿ 25-30 ಮಿಲಿವೋಲ್ಟ್ ಹುಟ್ಟುತ್ತದೆ. ಟಾರ್ಚಿನ ಒಂದು ಸೆಲ್ಲಿನ ಐವತ್ತನೇ ಒಂದು ಪಾಲು ಅಷ್ಟೇ. ಅಷ್ಟರಲ್ಲೇ ವಾಲ್ವಿನೊಳಗಿನ ಮ್ಯಾಗ್ನೆಟ್ ಗ್ಯಾಸಿನ ದಾರಿಯನ್ನು ತೆರೆದು ಹಿಡಿಯಬೇಕು. ಉರಿ ಆರಿದರೆ ಕಡ್ಡಿ ತಣಿದು ಗ್ಯಾಸ್ ಬಂದ್. "ಅದನ್ನು ತೆಗೆದು ಡೈರೆಕ್ಟ್ ಕೊಡಿ" ಅನ್ನುವವರೂ ಇದ್ದಾರೆ. ನಾನು ಕೊಡುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ಓವನ್ನಿನ ತಳದಲ್ಲೇ ಕೂತಿರುತ್ತದೆ.

ಎರಡನೇ ಸಲ ಹೋದಾಗ ಲೈಟ್ ಆರಿಸಿ, ಕುಕ್ಕರಗಾಲಲ್ಲಿ ಕೂತು ಉರಿಯನ್ನೇ ನೋಡಿದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು, ಅಲ್ವಾ? ನೀಲಿಯಾಗಿ ನೆಟ್ಟಗೆ ಕಡ್ಡಿಯ ತುದಿಯನ್ನು ಸುತ್ತಿಕೊಳ್ಳಬೇಕಾದ ಉರಿ, ಹಳದಿಯಾಗಿ ಪಕ್ಕಕ್ಕೆ ವಾಲುತ್ತಿತ್ತು. ಹೊಸ ಕಡ್ಡಿ ಸ್ವಲ್ಪ ಮುಂದೆ ಕೂತಿದ್ದರಿಂದ ಎರಡು ದಿನ ಹೇಗೋ ನಡೆದಿತ್ತು.

ಗ್ಯಾಸ್ ಬಂದ್ ಮಾಡಿ ಪೈಲಟ್ ಬಿಚ್ಚಿದೆ. ಗಾಳಿ ಎಳೆಯುವ ತೂತಿನ ಸುತ್ತ ಮೈದಾ ಎಣ್ಣೆ ಜಿಡ್ಡಿನ ಜೊತೆ ಸೇರಿ ಗಟ್ಟಿಯಾಗಿತ್ತು. ಒಳಗೆ ಹತ್ತಿಯಂಥ ಬಿಳಿ ಬಲೆ. ಮಾಸ್ಟರ್ ಊರಿಗೆ ಹೋಗಿದ್ದಾಗ ಓವನ್ ಎಂಟು ದಿನ ಬಂದ್ ಇತ್ತಂತೆ. ಅಷ್ಟು ಸಾಕಾಗಿತ್ತು ಜೇಡಕ್ಕೆ!

ಗ್ಯಾಸ್ ಚಿಮ್ಮುವ ಸಣ್ಣ ಮೂತಿ, ಅಂದರೆ ಜೆಟ್ಟಿನ ತೂತಿಗೆ ಪಿನ್ ಚುಚ್ಚಬಾರದು. ಕೆಲಸ ಕಲಿಯುವಾಗ ಚುಚ್ಚಿ ತೂತು ದೊಡ್ಡದು ಮಾಡಿ, ಉರಿ ಮಸಿ ಕಾರಿ, ಹೊಸ ಜೆಟ್ಟಿನ ದುಡ್ಡನ್ನು ನಾನೇ ಕೊಟ್ಟಿದ್ದೇನೆ. ಈಗ ಥಿನ್ನರಿನಲ್ಲಿ ನೆನೆಸಿ ಗಾಳಿ ಹೊಡೆಯುತ್ತೇನೆ. ಅವತ್ತು ಸಿಕ್ಕಿದ್ದು ಮಾಸ್ಟರ ಮಗನ ಸೈಕಲ್ ಪಂಪು. ಥರ್ಮೋಕಪಲ್ ವಾಲ್ವಿಗೆ ಕೂರುವ ತುದಿಯನ್ನೂ ಉಜ್ಜಿದೆ. ಸಮುದ್ರದ ಉಪ್ಪುಗಾಳಿಗೆ ಅಲ್ಲಿ ಹಸಿರು ಕಿಲುಬು ಹಿಡಿಯುತ್ತದೆ, ಇರುವ ಅಷ್ಟು ಮಿಲಿವೋಲ್ಟೂ ದಾಟುವುದಿಲ್ಲ. ಆಮೇಲೆ ಜಾಯಿಂಟಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ, ಕಿಟಕಿ ತೆರೆದು ಸ್ವಲ್ಪ ಹೊತ್ತು ಕಾದು ಹಚ್ಚಿದೆ. ನೀಲಿ ಉರಿ.

ಹಳೆಯ ಥರ್ಮೋಕಪಲ್ ಇನ್ನೂ ಬ್ಯಾಗಿನಲ್ಲೇ ಇತ್ತು. ಉರಿಗೆ ಹಿಡಿದು ಮೀಟರ್ ಇಟ್ಟರೆ 27 ಮಿಲಿವೋಲ್ಟ್. ಧಣಿ ಹಿಂದೆಯೇ ನಿಂತಿದ್ದರು.

"ಸರಿ ಉಂಟಲ್ಲ, ಮತ್ತೆ ಹೊಸತು ಎಂತಕ್ಕೆ ಹಾಕಿದ್ದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಳೆಯದನ್ನೇ ಕೂರಿಸಿ 600 ವಾಪಸ್ ಕೊಡಲು ಹೋದೆ. ಅವರು ಹೊಸ ಕಡ್ಡಿಯನ್ನು ಕಾಗದದಲ್ಲಿ ಸುತ್ತಿ ಗಲ್ಲಾಪೆಟ್ಟಿಗೆಗೆ ಹಾಕಿದರು. "ದುಡ್ಡು ನೀವೇ ಇಟ್ಟುಕೊಳ್ಳಿ, ಇದು ಇಲ್ಲಿರಲಿ. ಮುಂದಿನ ಸಲ ನಾಲ್ಕು ಗಂಟೆಗೆ ನೀವು ಫೋನ್ ಎತ್ತದಿದ್ದರೆ?"