ಒಂದು ಇಂಜೆಕ್ಷನ್ ಕೊಟ್ಟು ಮಲಗಿಸೋದು, ಅಷ್ಟೇ ಅಲ್ವಾ?

ನಾನು ಪಶುವೈದ್ಯೆ. ವಿಶ್ವವಿದ್ಯಾಲಯದ ಬೋಧನಾ ಆಸ್ಪತ್ರೆಯಲ್ಲಿ ಪ್ರಾಣಿಗಳಿಗೆ ಅರಿವಳಿಕೆ ಕೊಡುತ್ತೇನೆ, ಕೊಡುವುದನ್ನು ವಿದ್ಯಾರ್ಥಿಗಳಿಗೆ ಕಲಿಸುತ್ತೇನೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಎದುರಿನವರು ಕೇಳಿಬಿಡುತ್ತಾರೆ: "ಪ್ರಾಣಿಗಳಿಗೂ ಅದಕ್ಕೇ ಅಂತ ಬೇರೆ ಡಾಕ್ಟರ್ ಬೇಕಾ? ಒಂದು ಇಂಜೆಕ್ಷನ್ ಕೊಟ್ಟು ಮಲಗಿಸೋದು, ಅಷ್ಟೇ ಅಲ್ವಾ?"

ಅಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಮಲಗಿಸುವುದು ಸುಲಭ, ಒಪ್ಪುತ್ತೇನೆ. ಪ್ರಜ್ಞೆ ತಪ್ಪಿಸುವ ಪ್ರೊಪೋಫಾಲ್ ಮದ್ದು ರಕ್ತನಾಳಕ್ಕೆ ಹೋದರೆ ಒಂದೆರಡು ನಿಮಿಷದೊಳಗೆ ನಾಯಿ ತಲೆ ಚೆಲ್ಲುತ್ತದೆ. ಸ್ವಲ್ಪ ಅವಸರ ಮಾಡಿ ಕೊಟ್ಟರೆ ಉಸಿರೂ ನಿಲ್ಲುತ್ತದೆ. ನನ್ನ ಕೆಲಸ ಶುರುವಾಗುವುದು ಅಲ್ಲಿಂದ. ರಕ್ತದೊತ್ತಡ ಇಳಿಯುತ್ತದೆ, ಮೈ ತಣ್ಣಗಾಗುತ್ತದೆ, ಉಸಿರು ಸಣ್ಣದಾಗುತ್ತದೆ. ಗಂಟಲಿಗೆ ಏನಾದರೂ ಬಂದರೆ ಕೆಮ್ಮುವ ಶಕ್ತಿಯೂ ಇರುವುದಿಲ್ಲ. ಅಷ್ಟನ್ನೂ ಅದರ ಪರವಾಗಿ ಯಾರಾದರೂ ನೋಡಿಕೊಳ್ಳಬೇಕು.

ಅದೂ ಒಂದೇ ಜಾತಿಯ ಪ್ರಾಣಿಯಾದರೆ ಸರಿ. ಬೆಳಿಗ್ಗೆ ಬೆಕ್ಕು, ನಡುವೆ ಗಿಳಿ, ಮಧ್ಯಾಹ್ನ ಹಸು. ಬೆಕ್ಕಿನ ಗಂಟಲು ಮುಟ್ಟಿದರೆ ಬಿಗಿದುಕೊಳ್ಳುತ್ತದೆ. ಮೊದಲು ಅಲ್ಲಿ ಮರಗಟ್ಟಿಸುವ ಲಿಡೋಕೇನ್ ಹಾಕಿ, ಅದು ಹಿಡಿಯುವ ತನಕ ಕಾದು ಉಸಿರಾಟದ ಟ್ಯೂಬ್ ಇಳಿಸಬೇಕು. ಗಿಳಿಯ ಶ್ವಾಸನಾಳದ ಉಂಗುರಗಳು ಪೂರ್ತಿ ದುಂಡಗಿರುತ್ತವೆ, ಹಿಗ್ಗುವುದಿಲ್ಲ. ನಾಯಿಗೆ ಮಾಡಿದ ಹಾಗೆ ಟ್ಯೂಬಿನ ಸುತ್ತಲಿನ ಪುಟ್ಟ ಬಲೂನಿಗೆ ಗಾಳಿ ತುಂಬಿಸಿದರೆ ಒಳಗೆ ಗಾಯವಾಗುತ್ತದೆ. ಜೈಲಜಿನ್ ಎಂಬ ಮಂಪರಿನ ಮದ್ದು ಕುದುರೆಗೆ ಕೊಡುವುದರ ಹತ್ತನೇ ಒಂದು ಭಾಗ ಹಸುವಿಗೆ ಸಾಕು. ಹಸುವನ್ನು ಪೂರ್ತಿ ಮಲಗಿಸಿದರೆ ಹೊಟ್ಟೆ ಉಬ್ಬುತ್ತದೆ, ಮೇವು ಗಂಟಲಿಗೆ ಬರುತ್ತದೆ. ಹಾಗಾಗಿ ಅದರ ಎಷ್ಟೋ ಆಪರೇಷನ್‌ಗಳನ್ನು ಆ ಜಾಗ ಮಾತ್ರ ಮರಗಟ್ಟಿಸಿ, ನಿಲ್ಲಿಸಿಕೊಂಡೇ ಮಾಡುತ್ತೇವೆ. ಇನ್ನು ಮೊಂಡು ಮೂಗಿನ ಪಗ್. ಅದು ತಲೆ ಎತ್ತಿ ನಮ್ಮನ್ನೇ ನೋಡುತ್ತಾ ಕೂತರೂ ಬಾಯಿಂದ ಟ್ಯೂಬ್ ತೆಗೆಯಲು ಅವಸರ ಮಾಡುವುದಿಲ್ಲ. ಅದಕ್ಕೂ ಏನೂ ಬೇಜಾರಿರುವುದಿಲ್ಲ. ಪಾಪ, ಅಷ್ಟು ಸಲೀಸಾಗಿ ಅದು ಉಸಿರಾಡಿದ್ದೇ ಆಗ ಇರಬೇಕು.

ಒಂದು ರಾತ್ರಿ ಹೊಟ್ಟೆನೋವಿನಿಂದ ಒದ್ದಾಡುತ್ತಿದ್ದ ಕುದುರೆ ಬಂತು. ಕರುಳು ತಿರುಚಿಕೊಂಡಿತ್ತು. ಸರ್ಜನ್ ಸರಿಪಡಿಸಿ, ಹೊಲಿಗೆ ಹಾಕಿ, ಹೊರಗೆ ಹೋಗಿ ಮಾಲೀಕರಿಗೆ ಹೇಳಿದರು. ಮಾಲೀಕರು ಖುಷಿಯಿಂದ ನನ್ನ ಹತ್ತಿರ ಬಂದು, "ಮುಗೀತಲ್ಲ ಮೇಡಂ, ನೀವಿನ್ನು ಹೊರಡಬಹುದು ಅಲ್ವಾ?" ಅಂದರು.

ನನ್ನ ಎದೆ ಹೊಡೆದುಕೊಳ್ಳುವುದೇ ಆ ಹೊತ್ತಿಗೆ. ಕುದುರೆ ಹೆದರಿದರೆ ಓಡುವ ಪ್ರಾಣಿ. ಕಣ್ಣು ಬಿಟ್ಟ ತಕ್ಷಣ ಏಳಲು ನೋಡುತ್ತದೆ, ಕಾಲಿಗೆ ಬಲ ಬಂದಿದೆಯೋ ಇಲ್ಲವೋ ಎಂದು ಕಾಯುವುದಿಲ್ಲ. 500 ಕಿಲೋ ಮೈ ಎದ್ದು ಬಿದ್ದರೆ ಕಾಲು ಮುರಿಯಬಹುದು. ಮುರಿದರೆ ಆ ಚೆಂದದ ಆಪರೇಷನ್ ಆಗಿಯೂ ಪ್ರಯೋಜನವಿಲ್ಲ. ಟೇಬಲ್ ಮೇಲೆ ಸರಾಸರಿ ರಕ್ತದೊತ್ತಡ 70ಕ್ಕಿಂತ ಕೆಳಗೆ ತುಂಬಾ ಹೊತ್ತು ಇದ್ದರಂತೂ ಮೈಭಾರದ ಅಡಿಗೆ ಸಿಕ್ಕ ಸ್ನಾಯುಗಳಿಗೆ ರಕ್ತ ಸಾಲದೆ ಅವು ಕೆಡುತ್ತವೆ. ಆಪರೇಷನ್ ಉದ್ದಕ್ಕೂ ನಾನು ರಕ್ತದೊತ್ತಡ ಹೆಚ್ಚಿಸುವ ಡೊಬುಟಮಿನ್ ಮದ್ದನ್ನು ಏರಿಸುತ್ತಾ ಇಳಿಸುತ್ತಾ ನಿಂತಿದ್ದು ಅದಕ್ಕೇ.

ಗೋಡೆಗೆಲ್ಲ ಮೆತ್ತೆ ಹೊದಿಸಿದ ಕೋಣೆಗೆ ಅದನ್ನು ಸಾಗಿಸಿದೆವು. ದೀಪ ಸಣ್ಣದು ಮಾಡಿದೆವು. ಕಿವಿಗೆ ಹತ್ತಿ ಇಟ್ಟೆವು. ತಲೆಗೊಂದು, ಬಾಲಕ್ಕೊಂದು ಹಗ್ಗ ಕಟ್ಟಿ ಹೊರಗಿನಿಂದ ಹಿಡಿದುಕೊಂಡೆವು. ಜೊತೆಗಿದ್ದ ವಿದ್ಯಾರ್ಥಿನಿ, "ಈಗ ಏನು ಮಾಡ್ಬೇಕು ಮೇಡಂ?" ಅಂದಳು. "ಏನೂ ಮಾಡಬೇಡ, ನೋಡ್ತಾ ಇರು" ಅಂದೆ. ಕುದುರೆ ಹೊರಳಿ ಎದೆಯ ಮೇಲೆ ಕೂತಿತು. ಸುಮ್ನೆ ಕೂತೇ ಇತ್ತು. ಕುದುರೆ ಹಾಗೆ ಕೂತಿರುವುದನ್ನು ನೋಡುವಷ್ಟು ಸಂತೋಷ ನನಗೆ ಬೇರೆ ಇಲ್ಲ. ಆಮೇಲೆ ಒಂದೇ ಸಲಕ್ಕೆ ಎದ್ದು, ತೂರಾಡಿ, ನಿಂತಿತು. ಮಾಲೀಕರು, "ಇಷ್ಟೊತ್ತೂ ಇದನ್ನೇ ನೋಡ್ತಿದ್ರಾ?" ಅಂದರು. ಹೌದು, ಇದನ್ನೇ.

ಇದು ಕುದುರೆಗೆ ಮಾತ್ರ ಹೇಳುವ ಮಾತಲ್ಲ. ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ. ಅರಿವಳಿಕೆಗೆ ಸಂಬಂಧಿಸಿದ ಸಾವು ನಾಯಿಗಳಲ್ಲಿ ಶೇ. 0.17, ಬೆಕ್ಕುಗಳಲ್ಲಿ ಶೇ. 0.24, ಮೊಲಗಳಲ್ಲಿ ಶೇ. 1.39. ಹಾಗೆ ಸತ್ತ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಬೆಕ್ಕು ಮತ್ತು ಮೊಲಗಳಲ್ಲಿ ಅರ್ಧಕ್ಕಿಂತ ಜಾಸ್ತಿ, ಸತ್ತದ್ದು ಎಲ್ಲ ಮುಗಿದ ಮೇಲೆ. ಅದರಲ್ಲೂ ಹೆಚ್ಚಿನವು ಮೊದಲ ಮೂರು ಗಂಟೆಯೊಳಗೆ. ಎಲ್ಲರೂ "ಸದ್ಯ, ಮುಗೀತು" ಅಂತ ಕೈ ತೊಳೆಯಲು ಹೋಗುವ ಹೊತ್ತು ಅದು.

ಹಾಗಾಗಿ ನೀವು ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. "ನಮ್ಮ ನಾಯಿಗೆ ಎಚ್ಚರ ಇಲ್ಲದಾಗ ಅದನ್ನೇ ನೋಡ್ತಾ ಕೂರೋರು ಯಾರು? ಎಲ್ಲಿಯವರೆಗೆ ಕೂರ್ತಾರೆ?" ಇದನ್ನು ಕೇಳಿದರೆ ನಾನು ಎಷ್ಟು ಹೊತ್ತು ಬೇಕಾದರೂ ನಿಂತು ಉತ್ತರಿಸುತ್ತೇನೆ. ಎಲ್ಲ ಕ್ಲಿನಿಕ್ಕಿನಲ್ಲೂ ಅರಿವಳಿಕೆ ತಜ್ಞರು ಇರಲು ಸಾಧ್ಯವಿಲ್ಲ, ಗೊತ್ತು. ಆದರೆ ಬೇರೆ ಯಾವ ಕೆಲಸವನ್ನೂ ಹಚ್ಚಿಕೊಳ್ಳದೆ, ಕಲಿತ ಒಬ್ಬರು ಪ್ರಾಣಿಯ ತಲೆಯ ಹತ್ತಿರ ಇರಬೇಕು. ಕತ್ತರಿ ಹಿಡಿದವರೇ ಮಾನಿಟರನ್ನೂ ನೋಡುತ್ತೇನೆ ಅಂದರೆ ನಾನು ಒಪ್ಪುವುದಿಲ್ಲ.

ನಮ್ಮಲ್ಲಿ ಬಂದವರು ಇನ್ನೊಂದು ಕೇಳುತ್ತಾರೆ: "ಕಲಿಯೋ ಮಕ್ಕಳ ಕೈಗೆ ಕೊಡ್ತೀರಾ?" ಕೊಡುತ್ತೇವೆ, ಒಬ್ಬರನ್ನೇ ಬಿಡುವುದಿಲ್ಲ. ಐದೈದು ನಿಮಿಷಕ್ಕೆ ನಾಡಿ, ಉಸಿರು, ರಕ್ತದೊತ್ತಡ ಬರೆಯುವ ವಿದ್ಯಾರ್ಥಿ, ಅವರ ಪಕ್ಕದಲ್ಲಿ ಪದವಿ ಮುಗಿಸಿ ಈ ವಿಭಾಗದಲ್ಲೇ ತರಬೇತಿ ಪಡೆಯುತ್ತಿರುವ ವೈದ್ಯರು, ಅವರ ಹಿಂದೆ ನಾನು. ನಿಮ್ಮ ನಾಯಿಯ ಮೇಲೆ ಅಷ್ಟು ಕಣ್ಣು ಇರುವುದು ಒಳ್ಳೆಯದೇ. ಯಾವುದೋ ಸಂಖ್ಯೆ ಸರಿ ಕಾಣುತ್ತಿಲ್ಲ ಎಂದು ಮೊದಲು ಕೂಗುವುದು ಎಷ್ಟೋ ಸಲ ಆ ಮಕ್ಕಳೇ.

ಬರುವಾಗ ಪ್ರಾಣಿ ಏನು ತಿಂದಿದೆ, ಯಾವ ಮಾತ್ರೆ ನಡೆಯುತ್ತಿದೆ, ಹಿಂದೆ ಅರಿವಳಿಕೆ ಕೊಟ್ಟಾಗ ಹೇಗಿತ್ತು ಎಂದು ನಿಜ ಹೇಳಿ. ಬೆಳಿಗ್ಗೆ ಒಂದು ಬಿಸ್ಕತ್ತು ಕೊಟ್ಟಿದ್ದರೆ ಅದನ್ನೂ ಹೇಳಿ, ಬೈಯುವುದಿಲ್ಲ. ಮೊಲವನ್ನು ಮಾತ್ರ ರಾತ್ರಿಯಿಡೀ ಉಪವಾಸ ಇಟ್ಟು ತರಬೇಡಿ, ಅದಕ್ಕೆ ವಾಂತಿ ಆಗುವುದಿಲ್ಲ, ಹೊಟ್ಟೆ ಖಾಲಿಯಿದ್ದರೇ ತೊಂದರೆ. ಮನೆಗೆ ಹೋದ ಮೇಲೆ ಬೆಕ್ಕು ನೋವಿನಲ್ಲಿದೆ ಅನ್ನಿಸಿದರೆ ಪ್ಯಾರಸಿಟಮಾಲ್ ಕೊಡಬೇಡಿ, ಬೆಕ್ಕಿಗೆ ಅದು ವಿಷ. ಫೋನ್ ಮಾಡಿ. ಎಷ್ಟು ಹೊತ್ತಾಗಿದ್ದರೂ ಸರಿ.